ಹಳೆಯ ಡೀಸೆಲ್ ಲಾರಿ ಒಮ್ಮೆ ಸರಿ, ಒಮ್ಮೆ ಮಿಸ್: ಡೀಸೆಲ್ ದಾರಿಯ ದೋಷ ಹಿಡಿಯುವ ಕ್ರಮ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಲಾರಿ ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಏರಿನಲ್ಲಿ ಎಳೆತ ಬಿಡುತ್ತದೆ, ಜರ್ಕ್ ಹೊಡೆಯುತ್ತದೆ, ಆಫ್ ಆಗುತ್ತದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಫಿಲ್ಟರ್ ಬದಲಾಯಿಸಿದ್ದಾಯಿತು, ಟ್ಯಾಂಕಿನಿಂದ ಡೀಸೆಲ್ ಎಳೆದು ತರುವ ಫೀಡ್ ಪಂಪ್ ಬದಲಾಯಿಸಿದ್ದಾಯಿತು, ಕೊನೆಗೆ ದೊಡ್ಡ ಪಂಪನ್ನೂ, ಅಂದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳಿಗೆ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪನ್ನೂ, ಇಳಿಸಿ ಕ್ಯಾಲಿಬ್ರೇಷನ್‌ಗೆ ಕೊಟ್ಟದ್ದಾಯಿತು. ದೋಷ ಮಾತ್ರ ಇದ್ದಲ್ಲೇ ಇದೆ.

ಬಂದು ಹೋಗುವ ದೋಷವನ್ನು ಭಾಗ ಬದಲಾಯಿಸಿ ಹಿಡಿಯಲು ಹೋಗಬೇಡಿ. ಎರಡು ದಿನ ಸರಿಯಾಗಿ ಓಡಿದರೆ ಅದು ಹೊಸ ಭಾಗದಿಂದಲೋ, ಪೈಪು ಬಿಚ್ಚಿ ಕಟ್ಟುವಾಗ ಕಸ ಸರಿದದ್ದರಿಂದಲೋ ಎಂದು ಯಾರೂ ಹೇಳಲಾರರು. ಡೀಸೆಲ್ ಹೋಗುವ ದಾರಿಯನ್ನು ಎರಡು ಪಾಲು ಮಾಡಿ, ದೋಷ ಯಾವ ಪಾಲಿನಲ್ಲಿದೆ ಎಂದು ಮೊದಲು ತೀರ್ಮಾನಿಸಿ. ಆಮೇಲೆ ಆ ಪಾಲನ್ನು ಮತ್ತೆ ಎರಡು ಮಾಡಿ. ಹೀಗೆ ಹುಡುಕಿದಾಗ ದೋಷ ಹೆಚ್ಚಾಗಿ ಸಿಗುವುದು ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಭಾಗದಲ್ಲಿ. ಅಂದರೆ ಒಂದು ತುಂಡು ಪೈಪು, ಎರಡು ತಾಮ್ರದ ವಾಷರ್, ಒಂದು ಟ್ಯಾಂಕ್ ಮುಚ್ಚಳದಷ್ಟರಲ್ಲಿ. ದೊಡ್ಡ ಪಂಪಿನ ಮೇಲೆ ಅನುಮಾನ ಪಡುವುದು ಎಲ್ಲ ಮುಗಿದ ಮೇಲೆ.

ಇದು ಯಾವ ಗಾಡಿಗೆ ಅನ್ವಯಿಸುತ್ತದೆ

ಕಂಪ್ಯೂಟರ್ ಇಲ್ಲದ, ಪೂರ್ತಿ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗಳಿಗೆ. ಇವುಗಳಲ್ಲಿ ಎರಡು ಬಗೆ. ಇನ್‌ಲೈನ್ ಪಂಪಿನಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಪ್ಲಂಜರ್, ಅಂದರೆ ಡೀಸೆಲ್ ತಳ್ಳುವ ದಂಡ, ಸಾಲಾಗಿ ಇರುತ್ತದೆ. ಪಂಪಿನ ಪಕ್ಕದಲ್ಲೇ ಕೈಪಂಪು, ಅಂದರೆ ಹ್ಯಾಂಡ್ ಪ್ರೈಮರ್ ಇರುವ ಫೀಡ್ ಪಂಪ್ ಕೂತಿರುತ್ತದೆ. ರೋಟರಿ ಪಂಪು ದುಂಡಗೆ, ಚಿಕ್ಕದು. ಬಾಷ್ ವಿಇ, ಸಿಎವಿ ಡಿಪಿಎ ಈ ಬಗೆಯವು. ಇವುಗಳಿಗೆ ಡೀಸೆಲ್ ತಂದುಕೊಡುವ ಫೀಡ್ ಪಂಪ್, ಅಂದರೆ ಬಾಗುವ ಪದರದಿಂದ ಎಳೆದು ತಳ್ಳುವ ಡಯಾಫ್ರಮ್ ಪಂಪು, ಹಲವು ಗಾಡಿಗಳಲ್ಲಿ ಎಂಜಿನ್ ಬ್ಲಾಕಿನ ಬದಿಯಲ್ಲಿರುತ್ತದೆ.

ಕಾಮನ್ ರೈಲ್ ಎಂಜಿನ್ (ಎಲ್ಲ ನಾಝಲ್‌ಗಳಿಗೂ ಒಂದೇ ಹೈ ಪ್ರೆಶರ್ ಕೊಳವೆಯಿಂದ ಡೀಸೆಲ್ ಹೋಗುವ, ಕಂಪ್ಯೂಟರ್ ನಡೆಸುವ ಬಗೆ) ಆಗಿದ್ದರೆ ಇಲ್ಲಿ ಹೇಳಿರುವಂತೆ ಹೈ ಪ್ರೆಶರ್ ಪೈಪಿನ ನಟ್ಟು ಸಡಿಲಿಸಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಪ್ರಾಣಾಪಾಯ.

ಡೀಸೆಲ್ ಸಾಗುವ ದಾರಿ

ಟ್ಯಾಂಕಿನೊಳಗಿನ ಹೀರು ಕೊಳವೆ, ಅದರ ತುದಿಯ ಜಾಲರಿ, ಚಾಸಿ ಉದ್ದಕ್ಕೂ ಬರುವ ಪೈಪು, ನೀರು ಬೇರ್ಪಡಿಸುವ ಬಟ್ಟಲು, ಫೀಡ್ ಪಂಪ್. ಇಲ್ಲಿಯವರೆಗೆ ಡೀಸೆಲ್ಲನ್ನು ಎಳೆಯಲಾಗುತ್ತದೆ. ಫೀಡ್ ಪಂಪಿನಿಂದ ಫಿಲ್ಟರ್, ಫಿಲ್ಟರಿನಿಂದ ದೊಡ್ಡ ಪಂಪು. ಇಲ್ಲಿ ಡೀಸೆಲ್ಲನ್ನು ತಳ್ಳಲಾಗುತ್ತದೆ. ದೊಡ್ಡ ಪಂಪಿನಿಂದ ಉಕ್ಕಿನ ಪೈಪುಗಳ ಮೂಲಕ ನಾಝಲ್‌ಗಳಿಗೆ. ಉಳಿದ ಡೀಸೆಲ್ ರಿಟರ್ನ್ ಪೈಪಿನಲ್ಲಿ ಮತ್ತೆ ಟ್ಯಾಂಕಿಗೆ.

ಎಳೆಯುವ ಪಾಲಿಗೂ ತಳ್ಳುವ ಪಾಲಿಗೂ ಇರುವ ವ್ಯತ್ಯಾಸವನ್ನು ಚೆನ್ನಾಗಿ ಮನಸ್ಸಿನಲ್ಲಿಡಿ. ತಳ್ಳುವ ಕಡೆ ಸಂದು ಬಿಟ್ಟರೆ ಡೀಸೆಲ್ ಹೊರಗೆ ಒಸರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ಸಂದು ಬಿಟ್ಟರೆ ಹೊರಗೆ ಒಂದು ಹನಿಯೂ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ‘ಎಲ್ಲೂ ಲೀಕ್ ಇಲ್ಲ’ ಎಂದು ಒಣಗಿದ ಪೈಪು ನೋಡಿ ಸಮಾಧಾನ ಮಾಡಿಕೊಳ್ಳುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಬೇಕಾಗುವ ಸಾಮಾನು

ಡೀಸೆಲ್ ತಡೆಯುವ ಪಾರದರ್ಶಕ ಪೈಪು, ನಿಮ್ಮ ಗಾಡಿಯ ಪೈಪಿನ ಒಳ ಅಳತೆಯದು, ತಲಾ 30 ಸೆಂ.ಮೀ.ನ ಎರಡು ತುಂಡು. ಅದಕ್ಕೆ ಸರಿಹೊಂದುವ ಕ್ಲಿಪ್ಪುಗಳು. ಚೊಕ್ಕಟವಾದ 10 ಲೀಟರ್ ಕ್ಯಾನು ಮತ್ತು ಸುಮಾರು ಎರಡು ಮೀಟರ್ ಡೀಸೆಲ್ ಪೈಪು. ಒಂದು ಲೀಟರಿನ ಗಾಜಿನ ಬಾಟಲಿ. ವ್ಯಾಕ್ಯೂಮ್ ಮತ್ತು ಕಡಿಮೆ ಒತ್ತಡ ಎರಡನ್ನೂ ತೋರಿಸುವ ಗೇಜ್. ಉದ್ದ ವೈರಿನ ಟೆಸ್ಟ್ ಲ್ಯಾಂಪ್, ಬಲ್ಬು ಗಾಡಿಯ ವೋಲ್ಟಿಗೆ ಸರಿಯಾಗಿ 12 ಅಥವಾ 24. ಹೊಸ ತಾಮ್ರದ ವಾಷರ್‌ಗಳು. ಹಳೆಯ ಗಾಡಿಯಲ್ಲಿ ಇವು ಎಷ್ಟಿದ್ದರೂ ಸಾಲದು. ಸೋಪಿನ ನೀರು, ಸ್ವಲ್ಪ ಗ್ರೀಸ್, ಚೂರು ಬಿಡದ ಬಟ್ಟೆ, ಕನ್ನಡಕ, ಕೈಗವಸು.

ಮೊದಲು ಎರಡು ಎಚ್ಚರಿಕೆ. ಹಳೆಯ ನಾಝಲ್ ಕೂಡ ಸುಮಾರು 120ರಿಂದ 250 ಬಾರ್ ಒತ್ತಡದಲ್ಲಿ ತೆರೆಯುತ್ತದೆ. ಆ ಸಣ್ಣ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ; ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಹೇಳಿ. ಲೀಕ್ ಹುಡುಕಲು ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಎರಡನೆಯದು, ಬಿಸಿ ಸೈಲೆನ್ಸರ್ ಪೈಪಿನ ಮೇಲೋ ಟರ್ಬೊ ಮೇಲೋ ಡೀಸೆಲ್ ಬಿದ್ದರೆ ಬೆಂಕಿ ಹತ್ತುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತೆ ಇರಲಿ.

1. ದೋಷ ಯಾವಾಗ ಬರುತ್ತದೆ ಎಂದು ಬರೆದಿಡಿ

ಸ್ಪ್ಯಾನರ್ ಮುಟ್ಟುವ ಮೊದಲು ಈ ಕೆಲಸ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಎಂಜಿನ್ ಬಿಸಿಯೋ ತಣ್ಣಗೋ, ಲೋಡು ಇತ್ತೋ ಖಾಲಿಯೋ, ಏರೋ ಸಮತಟ್ಟೋ, ಎಷ್ಟು ಹೊತ್ತು ಓಡಿದ ಮೇಲೆ, ನಿಧಾನವಾಗಿ ಸೊರಗಿ ನಿಂತಿತೋ ಇಲ್ಲಾ ಕೀ ತಿರುಗಿಸಿದಂತೆ ಪಕ್ಕನೆ ನಿಂತಿತೋ. ನಾಲ್ಕೈದು ಸಲದ ಟಿಪ್ಪಣಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಮಾತ್ರ ತುಂಬ ಸೆಲ್ಫ್ ಬೇಕಾಗಿ, ಆಮೇಲೆ ದಿನವಿಡೀ ಸರಿಯಿದ್ದರೆ: ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸು ಇಳಿಯುತ್ತಿದೆ. ಗಾಳಿ ಹೋಗುವ ಸಂದು, ಅಥವಾ ಫೀಡ್ ಪಂಪಿನ ವಾಲ್ವ್.

ಒಂದಷ್ಟು ಹೊತ್ತು ಓಡಿ, ಸೊರಗಿ ನಿಂತು, ಸ್ವಲ್ಪ ಬಿಟ್ಟರೆ ಮತ್ತೆ ಸ್ಟಾರ್ಟ್: ಟ್ಯಾಂಕಿನಲ್ಲಿ ಕಸ, ಅಥವಾ ಮುಚ್ಚಳದ ಗಾಳಿ ತೂತು ಮುಚ್ಚಿದೆ.

ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದಾಗ ಮಾತ್ರ: ಹೀರು ಕೊಳವೆಯಲ್ಲಿ ಬಿರುಕು. ಡೀಸೆಲ್ ಮಟ್ಟ ಬಿರುಕಿಗಿಂತ ಮೇಲಿರುವವರೆಗೆ ಸರಿ, ಕೆಳಗಿಳಿದ ಕೂಡಲೇ ಗಾಳಿ ಎಳೆಯುತ್ತದೆ.

ಲೋಡಿನಲ್ಲಿ, ಪೂರ್ತಿ ರೇಸ್ ಕೊಟ್ಟಾಗ ಮಾತ್ರ: ಎಲ್ಲೋ ದಾರಿ ಕಟ್ಟಿದೆ. ಐಡಲ್‌ನಲ್ಲಿ ಎಂಜಿನಿಗೆ ಬೇಕಾಗುವ ಡೀಸೆಲ್ ಬಹಳ ಕಡಿಮೆ, ಹಾಗಾಗಿ ಅರ್ಧ ಕಟ್ಟಿದ ಫಿಲ್ಟರಿನಲ್ಲೂ ಐಡಲ್ ಚೆನ್ನಾಗಿಯೇ ಇರುತ್ತದೆ.

ಹಳ್ಳಕ್ಕೆ ಇಳಿದಾಗ ಪಕ್ಕನೆ ಆಫ್ ಆಗಿ, ತಾನೇ ಸರಿಹೋದರೆ: ಡೀಸೆಲ್ ದಾರಿಯನ್ನು ಕೀಯಿಂದ ತೆರೆದು ಮುಚ್ಚುವ ಸ್ಟಾಪ್ ಸೊಲೆನಾಯ್ಡ್‌ನ ವೈರು.

ಬಿಸಿ ಎಂಜಿನ್ ಆಫ್ ಮಾಡಿದ ಮೇಲೆ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಆದರೆ: ಸೊಲೆನಾಯ್ಡ್ ಅಥವಾ ಸವೆದ ರೋಟರಿ ಪಂಪು.

ಒಂದೇ ಸಿಲಿಂಡರ್ ಬಿಟ್ಟು ಬಿಟ್ಟು ಮಿಸ್ ಆಗುತ್ತಿದ್ದರೆ ಅದು ಪೂರೈಕೆಯ ದೋಷವಲ್ಲ. ನೇರ 9ನೇ ಹಂತಕ್ಕೆ ಹೋಗಿ. ಪೂರೈಕೆ ಕೆಟ್ಟರೆ ಎಲ್ಲ ಸಿಲಿಂಡರ್‌ಗಳೂ ಒಟ್ಟಿಗೆ ನರಳುತ್ತವೆ.

2. ಡೀಸೆಲ್ ದೋಷವೇ ಹೌದೇ ಎಂದು ಹೊಗೆಯಿಂದ ತಿಳಿಯಿರಿ

ಎಳೆತ ಬಿಟ್ಟಾಗ ಕಪ್ಪು ಹೊಗೆ ದಟ್ಟವಾಗಿ ಬರುತ್ತಿದ್ದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್, ಟರ್ಬೊ ಪೈಪು ನೋಡಿ. ಹೊಗೆಯೇ ಇಲ್ಲದೆ ಸೊರಗಿದರೆ ಡೀಸೆಲ್ ತಲುಪುತ್ತಿಲ್ಲ. ನಿಂತ ಮೇಲೆ ಸೆಲ್ಫ್ ಹೊಡೆಯುವಾಗಲೂ ಹೀಗೇ: ಬಿಳಿ ಹೊಗೆ ಬಂದರೆ ನಾಝಲ್ ಡೀಸೆಲ್ ಹಾಕುತ್ತಿದೆ ಆದರೆ ಉರಿಯುತ್ತಿಲ್ಲ, ಏನೂ ಬರದಿದ್ದರೆ ಡೀಸೆಲ್ ಇಲ್ಲ. ಸೈಲೆನ್ಸರ್ ತುದಿಯಲ್ಲಿ ಒಬ್ಬರನ್ನು ನಿಲ್ಲಿಸಿ ನೋಡಿಸಿ.

ಜೊತೆಗೆ ಸ್ಟಾಪ್ ಕೇಬಲ್ ಪೂರ್ತಿ ಹಿಂದೆ ಬರುತ್ತದೆಯೇ, ರೇಸ್ ಪೆಡಲ್ ಪೂರ್ತಿ ಒತ್ತಿದಾಗ ಪಂಪಿನ ಲಿವರ್ ಕೊನೆಯ ಸ್ಕ್ರೂಗೆ ತಾಗುತ್ತದೆಯೇ ನೋಡಿ. ಎರಡೂ ಎರಡು ನಿಮಿಷದ ಕೆಲಸ.

3. ಟ್ಯಾಂಕು, ಮುಚ್ಚಳ, ಡೀಸೆಲ್

ದೋಷ ಬಂದು ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ನುಗ್ಗಿದರೆ ತೂತು ಮುಚ್ಚಿದೆ. ಫೀಡ್ ಪಂಪ್ ಎಷ್ಟು ಎಳೆದರೂ ಟ್ಯಾಂಕಿನೊಳಗೆ ಗಾಳಿ ಬಾರದಿದ್ದರೆ ಡೀಸೆಲ್ ಬರುವುದಿಲ್ಲ. ಖಚಿತವಾಗಲು ಮುಚ್ಚಳವನ್ನು ಸಡಿಲವಾಗಿಟ್ಟು ಒಮ್ಮೆ ಓಡಿಸಿ, ಡೀಸೆಲ್ ತುಳುಕದಷ್ಟು ಮಟ್ಟದಲ್ಲಿ. ತೂತಿಲ್ಲದ ಬೇರೆ ಗಾಡಿಯ ಮುಚ್ಚಳ ಹಾಕಿರುವುದೂ ಉಂಟು.

ಆಮೇಲೆ ಟ್ಯಾಂಕಿನ ತಳದ ಡ್ರೈನ್ ಪ್ಲಗ್ ಬಿಚ್ಚಿ ಒಂದು ಲೀಟರ್ ಬಾಟಲಿಗೆ ಹಿಡಿದು, ರಾತ್ರಿಯಿಡೀ ಅಲುಗಾಡಿಸದೆ ಇಡಿ. ನೀರು ಡೀಸೆಲ್‌ಗಿಂತ ಭಾರ, ಕೆಳಗೆ ಪದರವಾಗಿ ನಿಲ್ಲುತ್ತದೆ. ನೀರಿಗೂ ಡೀಸೆಲ್‌ಗೂ ನಡುವೆ ಕಂದು ಅಥವಾ ಕಪ್ಪು ಲೋಳೆ ಕಂಡರೆ ಅದು ಸೂಕ್ಷ್ಮಜೀವಿಗಳ ಬೆಳೆ. ಇದು ಫಿಲ್ಟರನ್ನು ಕೆಲವೇ ದಿನದಲ್ಲಿ ಮುಚ್ಚುತ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೆ ಎರಡು ದಿನ ಸರಿ, ಮತ್ತೆ ಅದೇ ಕಥೆ ಎನ್ನುವವರು ಇದನ್ನು ಮೊದಲು ನೋಡಬೇಕು. ಟ್ಯಾಂಕ್ ಖಾಲಿ ಮಾಡಿ ತೊಳೆಯದೆ ಬರೀ ಔಷಧ ಹಾಕಿದರೆ ಸತ್ತ ಲೋಳೆಯೆಲ್ಲ ಫಿಲ್ಟರಿಗೇ ಬರುತ್ತದೆ.

ಜೈವಿಕ ಡೀಸೆಲ್ ಬೆರೆತ ಇಂಧನವನ್ನು ಹಳೆಯ ಟ್ಯಾಂಕಿಗೆ ಹೊಸದಾಗಿ ಹಾಕಲು ಶುರುಮಾಡಿದಾಗಲೂ ಹೀಗೇ ಆಗುತ್ತದೆ. ಅದು ವರ್ಷಗಟ್ಟಲೆ ಅಂಟಿಕೊಂಡಿದ್ದ ಕಿಟ್ಟವನ್ನು ಬಿಡಿಸುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ತೀರಾ ಚಳಿಯಲ್ಲಿ ಮಾತ್ರ ದೋಷ ಕಂಡು ಬಿಸಿಲೇರಿದ ಮೇಲೆ ಮಾಯವಾದರೆ ಡೀಸೆಲ್‌ನಲ್ಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಮುಚ್ಚಿದೆ. ಆ ಹವೆಗೆ ತಕ್ಕ ಡೀಸೆಲ್ ಹಾಕಿ. ಪೆಟ್ರೋಲ್ ಬೆರೆಸಬೇಡಿ, ಪಂಪಿಗೆ ಜಾರುವಿಕೆ ಕೊಡುವುದು ಡೀಸೆಲ್ಲೇ.

ಟ್ಯಾಂಕಿನಲ್ಲಿ ಕಸವಿದೆಯೇ ಎಂದು ತಿಳಿಯುವ ಬಗೆ: ಫೀಡ್ ಪಂಪಿನ ಒಳಬರುವ ಪೈಪು ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆರೆದು, ಆ ಪೈಪಿನೊಳಗೆ ಟ್ಯಾಂಕಿನ ಕಡೆಗೆ ಮೆಲ್ಲಗೆ ಗಾಳಿ ಊದಿ. ಅರ್ಧ ಬಾರ್‌ಗಿಂತ ಹೆಚ್ಚು ಬೇಡ. ನಡುವೆ ಬಟ್ಟಲು, ಫಿಲ್ಟರ್ ಇದ್ದರೆ ಅದನ್ನು ಬಿಟ್ಟು ಟ್ಯಾಂಕಿನ ಕಡೆಯ ತುದಿಯಿಂದಲೇ ಊದಿ. ಮೊದಲು ತಡೆದು ಆಮೇಲೆ ಗುಳುಗುಳು ಸದ್ದು ಸಲೀಸಾಗಿ ಬಂದರೆ ಹೀರು ಕೊಳವೆಯ ಬಾಯಿಗೆ ಏನೋ ಅಡ್ಡ ಬಂದಿತ್ತು. ಊದಿದ ಮೇಲೆ ಒಂದೆರಡು ದಿನ ಗಾಡಿ ಸರಿಯಾಗಿ ಓಡಿದರೆ ಸಂಶಯವೇ ಬೇಡ, ಟ್ಯಾಂಕ್ ಇಳಿಸಿ. ಒಣಗಿದ ಎಲೆ, ಪ್ಲಾಸ್ಟಿಕ್ ಚೂರು, ಕಿತ್ತುಬಂದ ಗ್ಯಾಸ್ಕೆಟ್ ಪೇಸ್ಟಿನ ಎಳೆ, ಇಂಥದ್ದೇ ಸಿಗುವುದು. ಎಂಜಿನ್ ಎಳೆಯುತ್ತಿರುವಾಗ ಅದು ಕೊಳವೆಯ ಬಾಯಿಗೆ ಹೋಗಿ ಅಂಟುತ್ತದೆ. ಎಂಜಿನ್ ನಿಂತು ಎಳೆತ ಹೋದ ಮೇಲೆ ತಾನೇ ಕಳಚಿ ತಳಕ್ಕೆ ಇಳಿಯುತ್ತದೆ. ಹತ್ತು ನಿಮಿಷದ ಗುಟ್ಟು ಇಷ್ಟೇ. ಕೆಲವರು ತೊಂದರೆಯೆಂದು ಕೊಳವೆಯ ಜಾಲರಿಯನ್ನೇ ಕಿತ್ತೆಸೆಯುತ್ತಾರೆ. ಆಗ ಕಸ ಬಂದು ಪೈಪಿನ ಬಾಗಿನಲ್ಲಿ ಕೂರುತ್ತದೆ, ಹುಡುಕುವುದು ಇನ್ನೂ ಕಷ್ಟ. ಟ್ಯಾಂಕಿಗೆ ಬೆಸುಗೆ ಬೇಕಾದರೆ ಒಳಗಿನ ಆವಿ ಪೂರ್ತಿ ತೆಗೆಯಬಲ್ಲ ಅನುಭವಿಗಳಿಗೇ ಕೊಡಿ. ಖಾಲಿ ಟ್ಯಾಂಕ್ ಸಿಡಿಯುತ್ತದೆ.

ಎರಡು ಟ್ಯಾಂಕಿದ್ದರೆ ನಡುವಿನ ಬದಲಿ ವಾಲ್ವಿನ ಸೀಲ್ ಕೂಡ ಗಾಳಿ ಎಳೆಯುವ ಜಾಗ. ಒಂದೊಂದೇ ಟ್ಯಾಂಕಿನಲ್ಲಿ ಓಡಿಸಿ ಹೋಲಿಸಿ.

4. ಪಾರದರ್ಶಕ ಪೈಪು ಹಾಕಿ ಗುಳ್ಳೆ ನೋಡಿ

ಒಂದು ತುಂಡು ಫೀಡ್ ಪಂಪಿನ ಮುಂಚೆ, ಇನ್ನೊಂದು ಫಿಲ್ಟರ್ ಮತ್ತು ದೊಡ್ಡ ಪಂಪಿನ ನಡುವೆ. ಕ್ಲಿಪ್ ಚೆನ್ನಾಗಿ ಬಿಗಿಯಿರಿ, ಇಲ್ಲದಿದ್ದರೆ ನೀವೇ ಹೊಸ ಸಂದು ಮಾಡಿದಂತೆ. ಬಿಸಿ ಭಾಗಕ್ಕೂ ಬೆಲ್ಟಿಗೂ ತಾಗದಂತೆ ಕಟ್ಟಿ. ಈ ಪೈಪು ಪರೀಕ್ಷೆಗೆ ಮಾತ್ರ. ದಿನಗಟ್ಟಲೆ ಡೀಸೆಲ್‌ನಲ್ಲಿದ್ದರೆ ಹಲವು ಬಗೆಯ ಪ್ಲಾಸ್ಟಿಕ್ ಗಟ್ಟಿಯಾಗಿ ಒಡೆಯುತ್ತದೆ.

ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಡಿ. ಪೈಪು ಬದಲಾಯಿಸುವಾಗ ಹೊಕ್ಕ ಗಾಳಿ ಅಷ್ಟರಲ್ಲಿ ಹೋಗಿರುತ್ತದೆ. ಆಮೇಲೆ ಐಡಲ್‌ನಲ್ಲಿ ನೋಡಿ, ಹೆಚ್ಚು ರೇಸಿನಲ್ಲಿ ನೋಡಿ, ಚಾಸಿ ಪೈಪನ್ನು ಅಲ್ಲಲ್ಲಿ ಅಲುಗಾಡಿಸಿ ನೋಡಿ. ಸರಿಯಿರುವ ಗಾಡಿಯಲ್ಲಿ ಪೈಪು ಖಾಲಿಯೋ ತುಂಬಿದೆಯೋ ತಿಳಿಯದಷ್ಟು ತಿಳಿಯಾಗಿರುತ್ತದೆ; ಅಂಗಡಿಯ ಎಣ್ಣೆ ಬಾಟಲಿಯಂತೆ. ಗಾಳಿ ಎಳೆಯುತ್ತಿದ್ದರೆ ಮಣಿ ಪೋಣಿಸಿದಂತೆ ಗುಳ್ಳೆಗಳು ಮೇಲಂಚಿಗೆ ಅಂಟಿಕೊಂಡು ಓಡುತ್ತವೆ. ಕೆಲವೊಮ್ಮೆ ಅರ್ಧ ನಿಮಿಷ ಏನೂ ಇಲ್ಲದೆ, ಪಕ್ಕನೆ ಬೆರಳುದ್ದದ ಗುಳ್ಳೆಯೊಂದು ಹಾಯುತ್ತದೆ. ಅದು ದೊಡ್ಡ ಪಂಪು ತಲುಪಿದ ಗಳಿಗೆಗೆ ಸರಿಯಾಗಿ ಎಂಜಿನ್ ಮಿಸ್ ಹೊಡೆದರೆ ಕಳ್ಳ ಸಿಕ್ಕಿಬಿದ್ದ.

ಅರ್ಥ ಹೀಗೆ. ಮೊದಲ ತುಂಡಿನಲ್ಲೇ ಗುಳ್ಳೆ ಇದ್ದರೆ ಸಂದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ. ಮೊದಲದ್ದು ತಿಳಿ, ಎರಡನೆಯದರಲ್ಲಿ ಗುಳ್ಳೆ: ಫೀಡ್ ಪಂಪ್, ಅದರ ಕೈಪಂಪಿನ ಸೀಲ್, ಅಥವಾ ಫಿಲ್ಟರ್ ಬದಲಿಸಿದಾಗ ಒಳಗೇ ಉಳಿದ ಗಾಳಿ. ಕೈಪಂಪಿನ ಗುಂಡಿಯನ್ನು ಒತ್ತಿದ ಮೇಲೆ ತಿರುಗಿಸಿ ಬಿಗಿಯದೆ ಬಿಟ್ಟಿದ್ದರೂ ಇದೇ ಆಗುತ್ತದೆ. ಎರಡೂ ತಿಳಿಯಾಗಿದ್ದು ಎಳೆತ ಮಾತ್ರ ಬಿಡುತ್ತಿದ್ದರೆ ಗಾಳಿ ದೋಷವಲ್ಲ, ದಾರಿ ಕಟ್ಟಿದೆ ಅಥವಾ ಸೊಲೆನಾಯ್ಡ್. ರೇಸ್ ಹೆಚ್ಚಿಸಿದಾಗ ಮಾತ್ರ ಹಾಲಿನಂತೆ ಸಣ್ಣ ಸಣ್ಣ ಗುಳ್ಳೆ ಕಂಡರೆ ಅವಸರದಲ್ಲಿ ಸಂದು ಹುಡುಕಲು ಹೊರಡಬೇಡಿ. ದಾರಿ ಕಟ್ಟಿ ಎಳೆತ ಹೆಚ್ಚಾದಾಗ ಡೀಸೆಲ್‌ನಲ್ಲಿ ಕರಗಿರುವ ಗಾಳಿಯೂ ಹೀಗೆ ಹೊರಬರುತ್ತದೆ. 7ನೇ ಹಂತದ ಗೇಜ್ ಅದನ್ನು ಹೇಳುತ್ತದೆ.

5. ಗಾಳಿ ಹೋಗುವ ಸಂದು ಹುಡುಕುವುದು

ಎಂಜಿನ್ ಓಡುತ್ತಿರುವಾಗ ಅನುಮಾನದ ಪ್ರತಿ ಜೋಡಣೆಗೂ ಒಂದೊಂದಾಗಿ ಗ್ರೀಸ್ ದಪ್ಪಗೆ ಮೆತ್ತಿ, ಒಂದು ನಿಮಿಷ ಪಾರದರ್ಶಕ ಪೈಪು ನೋಡಿ. ಗುಳ್ಳೆ ನಿಂತರೆ ಅದೇ ಸಂದು. ಒಮ್ಮೆಗೇ ಎಲ್ಲದಕ್ಕೂ ಮೆತ್ತಿದರೆ ಯಾವುದೆಂದು ತಿಳಿಯದು.

ಇದರಲ್ಲಿ ಸಿಗದಿದ್ದರೆ ಪೈಪಿನ ಟ್ಯಾಂಕಿನ ತುದಿ ಬಿಚ್ಚಿ ಮುಚ್ಚಿ, ಎಂಜಿನ್ ತುದಿಯಿಂದ ಸೈಕಲ್ ಪಂಪಿನಲ್ಲಿ ಅರ್ಧ ಬಾರ್ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ. ಟ್ಯಾಂಕಿಗೆ ಒತ್ತಡ ಕೊಡಬೇಡಿ, ಫೀಡ್ ಪಂಪಿನ ಮೂಲಕವೂ ಊದಬೇಡಿ.

ಎಲ್ಲಿ ಹೆಚ್ಚಾಗಿ ಸಿಗುತ್ತದೆ ಎಂದರೆ, ಬ್ಯಾಂಜೋ ಬೋಲ್ಟಿನ ಎರಡು ಬದಿಯ ತಾಮ್ರದ ವಾಷರ್. ಬ್ಯಾಂಜೋ ಎಂದರೆ ನಡುವೆ ತೂತಿರುವ ಬೋಲ್ಟು, ಅದರ ಸುತ್ತ ಬಳೆಯಂಥ ಪೈಪಿನ ತುದಿ. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗುತ್ತದೆ, ಮತ್ತೆ ಕೂರುವುದಿಲ್ಲ. ಹೊಸದು ಹಾಕಿ; ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಕಪ್ಪು ಉಜ್ಜಿ ತೆಗೆದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಮುಖದ ಮೇಲೆ ಗೀರು ಬಿದ್ದ ವಾಷರ್ ಬಿಸಾಡಿ. ಇನ್ನಷ್ಟು ಬಿಗಿದರೆ ಸರಿಹೋದೀತೆಂದು ಉದ್ದ ಸ್ಪ್ಯಾನರ್ ಹಾಕಿದರೆ ಟೊಳ್ಳು ಬೋಲ್ಟು ಮುರಿಯುತ್ತದೆ.

ರಬ್ಬರ್ ಪೈಪಿನ ತುದಿ ಇನ್ನೊಂದು ಜಾಗ. ಕ್ಲಿಪ್ ಕಳಚಿ, ಪೈಪನ್ನು ಬಾಗಿಸಿ, ಕ್ಲಿಪ್ಪಿನ ಅಡಿ ಇದ್ದ ಭಾಗ ನೋಡಿ. ಕೂದಲೆಳೆಯಂಥ ಬಿರುಕುಗಳು ಅಲ್ಲೇ ಅಡಗಿರುತ್ತವೆ. ಹೊರಗೆ ಹೊಸದರಂತೆ ಕಾಣುವ ಪೈಪಿನ ಒಳಪದರ ಬಿಟ್ಟುಕೊಂಡಿರುವುದೂ ಉಂಟು. ಊದಿದರೆ ಗಾಳಿ ಸಲೀಸಾಗಿ ಹೋಗುತ್ತದೆ, ಎಳೆದರೆ ಆ ಪದರ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಊದಿ ನೋಡಿ ‘ಪೈಪು ಸರಿಯಿದೆ’ ಎಂದವರನ್ನು ವಾರಗಟ್ಟಲೆ ಅಲೆಸುವುದು ಇದೇ. ಎಂಟು ಹತ್ತು ವರ್ಷ ದಾಟಿದ ರಬ್ಬರ್ ಪೈಪನ್ನು ಪರೀಕ್ಷಿಸುವುದಕ್ಕಿಂತ ಬದಲಾಯಿಸುವುದೇ ಮೇಲು.

ಫಿಲ್ಟರಿನಲ್ಲಿ ಹಳೆಯ ಸೀಲ್ ತಲೆಗೇ ಅಂಟಿಕೊಂಡು ಅದರ ಮೇಲೆ ಹೊಸದು ಕೂತಿದೆಯೇ ನೋಡಿ. ಬಟ್ಟಲಿನ ಡ್ರೈನ್ ಸ್ಕ್ರೂ, ಅದರ ವಾಷರ್ ಕೂಡ. ಟೆಫ್ಲಾನ್ ಟೇಪು, ಸಿಲಿಕೋನ್ ಪೇಸ್ಟು ಎಲ್ಲಿಯೂ ಬೇಡ. ಅದರ ಎಳೆ ಕಿತ್ತು ಪಂಪಿಗೆ ಹೋಗುತ್ತದೆ.

6. ಕ್ಯಾನ್ ಪರೀಕ್ಷೆ

ಇಷ್ಟಕ್ಕೂ ಸಿಗದಿದ್ದರೆ ದಾರಿಯನ್ನು ಎರಡು ಮಾಡುವ ನಿಜವಾದ ಕತ್ತರಿ ಇದು. ಕ್ಯಾನಿನಲ್ಲಿ ಸೋಸಿದ ಶುದ್ಧ ಡೀಸೆಲ್ ತುಂಬಿ, ಫೀಡ್ ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರ್‌ನಿಂದ ದೂರದಲ್ಲಿ, ಅಲುಗಾಡದಂತೆ ಹಗ್ಗದಿಂದ ಬಿಗಿಯಿರಿ. ಕ್ಯಾಬಿನ್ ಒಳಗೆ ಇಡಬೇಡಿ. ಕ್ಯಾನಿನ ಪೈಪನ್ನು ನೇರ ಫೀಡ್ ಪಂಪಿಗೆ ಕೊಡಿ. ರಿಟರ್ನ್ ಪೈಪನ್ನೂ ಕ್ಯಾನಿಗೇ ತನ್ನಿ, ಇಲ್ಲದಿದ್ದರೆ ಕ್ಯಾನು ಬೇಗ ಖಾಲಿಯಾಗುತ್ತದೆ. ಮುಚ್ಚಳದಲ್ಲಿ ಗಾಳಿಗೆ ತೂತು ಇರಲಿ. ರಿಟರ್ನ್ ಡೀಸೆಲ್ ಬಿಸಿ ಇರುವುದರಿಂದ ಕ್ಯಾನು ಬಿಸಿಯಾಗುತ್ತದೆ; ನಡುವೆ ನಿಲ್ಲಿಸಿ ಮುಟ್ಟಿ ನೋಡುತ್ತಿರಿ.

ದೋಷ ಯಾವ ಪರಿಸ್ಥಿತಿಯಲ್ಲಿ ಬರುತ್ತದೆ ಎಂದು ಬರೆದಿದ್ದೀರೋ ಅದೇ ಪರಿಸ್ಥಿತಿಯಲ್ಲಿ ಓಡಿಸಿ. 40 ನಿಮಿಷಕ್ಕೆ ಬರುವ ದೋಷವನ್ನು 10 ನಿಮಿಷ ಐಡಲ್‌ನಲ್ಲಿ ಬಿಟ್ಟು ಇಲ್ಲವೆನ್ನಬೇಡಿ. ಕ್ಯಾನಿನಲ್ಲಿ ದೋಷ ಬಾರದಿದ್ದರೆ ಅದು ಟ್ಯಾಂಕು ಅಥವಾ ಚಾಸಿ ಪೈಪಿನಲ್ಲಿದೆ, ಆದರೆ ಕ್ಯಾನು ಎತ್ತರದಲ್ಲಿರುವುದರಿಂದ ಫೀಡ್ ಪಂಪಿನ ಸೊರಗು ಮರೆಯಾಗಿರಬಹುದು, ಅದನ್ನು 7ನೇ ಹಂತದ ಗೇಜಿನಿಂದ ನೋಡಿ. ಕ್ಯಾನಿನಲ್ಲೂ ದೋಷ ಬಂದರೆ ಮುಂದಿನ ಹಂತಕ್ಕೆ ಬನ್ನಿ.

7. ಫೀಡ್ ಪಂಪ್: ಎಳೆತ ಮತ್ತು ಒತ್ತಡ

ಗೇಜನ್ನು ಫೀಡ್ ಪಂಪಿನ ಮುಂಚೆ ಟಿ ಜೋಡಣೆಯಲ್ಲಿ ಹಾಕಿ, ಪೂರ್ತಿ ರೇಸಿನಲ್ಲಿ ನೋಡಿ. ನಿಮ್ಮ ಎಂಜಿನಿನ ಮ್ಯಾನ್ಯುಯಲ್ ಹೇಳುವ ಅಂಕಿಯೇ ಅಂತಿಮ. ಅದು ಕೈಗೆ ಸಿಗದಿದ್ದರೆ ಪಾದರಸದ 4ರಿಂದ 6 ಅಂಗುಲ, ಅಂದರೆ ಸುಮಾರು 0.14ರಿಂದ 0.2 ಬಾರ್ ಎಳೆತ ದಾಟಿದರೆ ಹಿಂದೆ ಎಲ್ಲೋ ಕಟ್ಟಿದೆ ಎಂದು ತಿಳಿಯಿರಿ. ಹೊತ್ತು ಹೋದಂತೆ ಅಂಕಿ ಏರುತ್ತಾ ಹೋಗುವುದು ಟ್ಯಾಂಕಿನ ಕಸದ ಅಥವಾ ಮುಚ್ಚಿದ ಗಾಳಿ ತೂತಿನ ಗುರುತು.

ಆಮೇಲೆ ಗೇಜನ್ನು ಫಿಲ್ಟರ್ ಮತ್ತು ದೊಡ್ಡ ಪಂಪಿನ ನಡುವೆ ಹಾಕಿ. ಇನ್‌ಲೈನ್ ಪಂಪಿಗೆ ಸಾಮಾನ್ಯವಾಗಿ 1ರಿಂದ 1.5 ಬಾರ್, ಡಯಾಫ್ರಮ್ ಪಂಪಿನ ರೋಟರಿಗೆ 0.3ರಿಂದ 0.5 ಬಾರ್ ಆಸುಪಾಸು ಇರಬೇಕು. ಫಿಲ್ಟರಿನ ಮುಂಚೆ ಸರಿಯಿದ್ದು ಆಮೇಲೆ ಬಿದ್ದರೆ ಫಿಲ್ಟರ್ ಕಟ್ಟಿದೆ. ಎರಡೂ ಕಡೆ ಕಡಿಮೆಯಾದರೆ ಫೀಡ್ ಪಂಪಿನ ಬಾಯಲ್ಲಿರುವ ಸಣ್ಣ ಜಾಲರಿ ಮೊದಲು ತೊಳೆಯಿರಿ. ಈ ಜಾಲರಿ ಇದೆಯೆಂಬುದೇ ಎಷ್ಟೋ ಮಂದಿಗೆ ನೆನಪಿರುವುದಿಲ್ಲ. ಅದು ಚೊಕ್ಕಟವಿದ್ದರೆ ಫೀಡ್ ಪಂಪಿನ ವಾಲ್ವ್, ಸ್ಪ್ರಿಂಗ್ ನೋಡಿ.

ಇನ್‌ಲೈನ್ ಪಂಪಿನಲ್ಲಿ ಒತ್ತಡ ಕಡಿಮೆಯಾಗಲು ಇನ್ನೊಂದು ಕಾರಣ, ರಿಟರ್ನ್ ಜಾಗದಲ್ಲಿರುವ ಓವರ್‌ಫ್ಲೋ ವಾಲ್ವ್. ಅದು ನೋಡಲು ಮಾಮೂಲು ಬ್ಯಾಂಜೋ ಬೋಲ್ಟಿನಂತೆಯೇ, ಒಳಗೆ ಸ್ಪ್ರಿಂಗ್ ಮತ್ತು ಗುಂಡು ಇರುತ್ತದೆ. ಹಿಂದೆ ಯಾರಾದರೂ ಸಾದಾ ಬೋಲ್ಟ್ ಹಾಕಿಬಿಟ್ಟಿದ್ದರೆ ಒತ್ತಡ ಕಟ್ಟಿಕೊಳ್ಳುವುದೇ ಇಲ್ಲ. ವಿಇ ಪಂಪಿನಲ್ಲೂ ‘ಔಟ್’ ಎಂದು ಬರೆದ ಬೋಲ್ಟಿನಲ್ಲಿ ಸೂಜಿಯಷ್ಟು ತೂತು ಮಾತ್ರ ಇರುತ್ತದೆ. ಅದನ್ನು ಒಳಬರುವ ಕಡೆ ಹಾಕಿದರೆ ಎಂಜಿನ್ ಡೀಸೆಲ್ ಇಲ್ಲದೆ ಸೊರಗುತ್ತದೆ. ಬಿಚ್ಚುವಾಗಲೇ ಗುರುತು ಮಾಡಿ.

ಡಯಾಫ್ರಮ್ ಪಂಪಿನ ಕೈ ಲಿವರ್ ಒತ್ತಿದಾಗ ಏನೂ ಹಿಡಿಯದಿದ್ದರೆ ಪಂಪು ಸತ್ತಿದೆ ಎನ್ನಬೇಡಿ. ಒಳಗಿನ ಕ್ಯಾಮ್ ಎತ್ತರದಲ್ಲಿ ನಿಂತಿರಬಹುದು. ಎಂಜಿನನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ಇದೇ ಹೊತ್ತಿಗೆ ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಮಟ್ಟ ಏರಿದ್ದು, ಡೀಸೆಲ್ ವಾಸನೆ ಬಂದರೆ ಡಯಾಫ್ರಮ್ ಹರಿದಿರಬಹುದು. ಹಾಗೆಯೇ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಪಂಪಿನ ಜೊತೆ ಆಯಿಲನ್ನೂ ಬದಲಾಯಿಸಬೇಕು.

8. ಸ್ಟಾಪ್ ಸೊಲೆನಾಯ್ಡ್

ಕೀ ಹಾಕಿದಾಗ ಡೀಸೆಲ್ ದಾರಿ ತೆರೆದು, ತೆಗೆದಾಗ ಮುಚ್ಚುವ ವಿದ್ಯುತ್ ವಾಲ್ವ್ ಇದು. ಹೆಚ್ಚಾಗಿ ರೋಟರಿ ಪಂಪುಗಳಲ್ಲಿರುತ್ತದೆ. ಟೆಸ್ಟ್ ಲ್ಯಾಂಪಿನ ಒಂದು ವೈರನ್ನು ಸೊಲೆನಾಯ್ಡ್‌ನ ಟರ್ಮಿನಲ್ಲಿಗೆ, ಇನ್ನೊಂದನ್ನು ಅರ್ತಿಗೆ ಕೊಟ್ಟು, ಬಲ್ಬನ್ನು ಕ್ಯಾಬಿನ್‌ಗೆ ತಂದು ಕಣ್ಣೆದುರು ಕಟ್ಟಿ ಓಡಿಸಿ. ಎಂಜಿನ್ ಸಾಯುವ ಗಳಿಗೆಯಲ್ಲಿ ಬಲ್ಬು ಆರಿದರೆ ದೋಷ ವೈರಿಂಗ್, ಫ್ಯೂಸ್ ಅಥವಾ ಕೀ ಸ್ವಿಚ್ಚಿನಲ್ಲಿ. ಉರಿಯುತ್ತಲೇ ಇದ್ದರೆ ವಿದ್ಯುತ್ ಬರುತ್ತಿದೆ, ಆದರೂ ಕಾದ ಸುರುಳಿ ಕೈಕೊಟ್ಟಿರಬಹುದು. ನಿಂತ ಕೂಡಲೇ ಕೀ ಆಫ್ ಆನ್ ಮಾಡಿ ‘ಟಕ್’ ಸದ್ದು ಕೇಳಿ. ಟರ್ಮಿನಲ್ಲಿನ ವೋಲ್ಟೇಜ್ ಬ್ಯಾಟರಿಯದಕ್ಕಿಂತ ಒಂದು ವೋಲ್ಟಿಗೂ ಮೀರಿ ಕೆಳಗಿರಬಾರದು.

ಸೊಲೆನಾಯ್ಡ್‌ನ ಒಳಗಿನ ಪ್ಲಂಜರ್ ಕಿತ್ತು ಓಡಿಸುವ ಉಪಾಯ ಕೆಲವರು ಹೇಳುತ್ತಾರೆ. ಆಮೇಲೆ ಕೀ ತೆಗೆದರೂ ಎಂಜಿನ್ ನಿಲ್ಲದು. ಪಂಪಿನಲ್ಲಿ ಕೈಯಿಂದ ನಿಲ್ಲಿಸುವ ಲಿವರ್ ಇಲ್ಲದಿದ್ದರೆ ಮಾಡಲೇಬೇಡಿ.

9. ನಾಝಲ್, ಕೊನೆಗೆ ದೊಡ್ಡ ಪಂಪು

ಒಂದೇ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಐಡಲ್‌ನಲ್ಲಿ ಬಿಟ್ಟು, ಕನ್ನಡಕ ಕೈಗವಸು ಹಾಕಿ, ನಟ್ಟಿನ ಸುತ್ತ ಬಟ್ಟೆ ಹಿಡಿದು, ನಾಝಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ. ಎಂಜಿನ್ ಸದ್ದು ಬದಲಾದರೆ ಆ ಸಿಲಿಂಡರ್ ದುಡಿಯುತ್ತಿದೆ. ಬದಲಾಗದಿದ್ದರೆ ಅದೇ ಸೋಮಾರಿ. ಆ ನಾಝಲನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲು ಬದಲು ಮಾಡಿ, ಕೆಳಗಿನ ವಾಷರ್ ಹೊಸದು ಹಾಕಿ. ಮಿಸ್ ನಾಝಲ್ ಜೊತೆ ಹೋದರೆ ನಾಝಲ್ ದೋಷ. ಅಲ್ಲೇ ಉಳಿದರೆ ಪಂಪಿನ ಡೆಲಿವರಿ ವಾಲ್ವ್, ಪೈಪು, ಇಲ್ಲಾ ಕಂಪ್ರೆಷನ್.

ರೋಟರಿ ಪಂಪು ಬಿಸಿಯಲ್ಲಿ ಸ್ಟಾರ್ಟ್ ಆಗದಿದ್ದರೆ, ಎಂಜಿನ್ ನಿಂತಿರುವಾಗಲೇ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಡಿ. ಆಗ ಸ್ಟಾರ್ಟ್ ಆದರೆ ಒಳಗಿನ ರೋಟರ್ ಸವೆದಿರುವ ಸಾಧ್ಯತೆ ಹೆಚ್ಚು. ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿನಲ್ಲಿ ಜಾರಿಹೋಗುತ್ತದೆ. ಓಡುತ್ತಿರುವ ಅಥವಾ ಕಾದ ಪಂಪಿನ ಮೇಲೆ ತಣ್ಣೀರು ಸುರಿಯಬೇಡಿ. ಒಳಗಿನ ಸಂದು ಕೆಲವೇ ಮೈಕ್ರಾನ್, ಹೊರಕವಚ ಪಕ್ಕನೆ ಕುಗ್ಗಿದರೆ ಪಂಪು ಹಿಡಿದುಕೊಳ್ಳುತ್ತದೆ.

10. ಏರ್ ತೆಗೆಯುವುದು

ಪ್ರತಿ ಸಲ ಪೈಪು ಬಿಚ್ಚಿದ ಮೇಲೂ ಈ ಕ್ರಮ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ಒತ್ತುತ್ತಿರುವಾಗಲೇ ಬಿಗಿಯಿರಿ. ಆಮೇಲೆ ದೊಡ್ಡ ಪಂಪಿನ ಸ್ಕ್ರೂ; ಡಿಪಿಎಯಲ್ಲಿ ಎರಡಿವೆ, ಕೆಳಗಿನದು ಮೊದಲು, ಗವರ್ನರ್ (ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗ) ಮೇಲಿನದು ಆಮೇಲೆ. ಕೊನೆಗೆ ನಾಝಲ್ ಕಡೆಯ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಒಂದು ಸಲಕ್ಕೆ 15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಒಂದು ನಿಮಿಷ ಬಿಡುವು ಕೊಡಿ. ಹೊಸ ಫಿಲ್ಟರಿಗೆ ತೆರೆದ ಡಬ್ಬಿಯ ಡೀಸೆಲ್ ಸುರಿದು ತುಂಬಿಸಬೇಡಿ. ನಡುತೂತಿಗೆ ಬಿದ್ದ ಕಸ ಸೋಸದೇ ನೇರ ಪಂಪಿಗೆ ಹೋಗುತ್ತದೆ. ಕೈಪಂಪಿನಿಂದಲೇ ತುಂಬಿ.

ದೋಷ ಸಿಕ್ಕಿ ಸರಿಪಡಿಸಿದ ಮೇಲೂ ಪಾರದರ್ಶಕ ಪೈಪನ್ನು ಕೂಡಲೇ ತೆಗೆಯಬೇಡಿ. ಮೊದಲು ದೋಷ ಬರುತ್ತಿದ್ದ ಅದೇ ಮಟ್ಟದ ಟ್ಯಾಂಕು, ಅದೇ ಲೋಡು, ಅದೇ ಏರಿನಲ್ಲಿ ಒಮ್ಮೆ ಓಡಿಸಿ, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಸೆಲ್ಫ್ ಹೊಡೆಯುವ ಮುಂಚೆ ಪೈಪಿನಲ್ಲಿ ಡೀಸೆಲ್ ತುಂಬಿಯೇ ನಿಂತಿದೆಯೇ ನೋಡಿ. ನಿಂತಿದ್ದರೆ ಆ ತುಂಡು ತೆಗೆದು ಹೊಸ ರಬ್ಬರ್ ಪೈಪು ಹಾಕಿ, ಏರ್ ತೆಗೆದು, ಎಲ್ಲ ಜೋಡಣೆ ಒಣಗುವಂತೆ ಒರೆಸಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅವೇ ಜೋಡಣೆಗಳನ್ನು ನೋಡಿ.